ದೋಸೆ ಹಾಕುವ ಕೈಯಲ್ಲಿ ತೊನ್ನು ಇದೆ. ಗ್ಲೌಸ್ ಹಾಕಲಾ, ಬೋರ್ಡ್ ಹಾಕಲಾ?

ಹಂಚಿನಮುಂದೆ (ದಾವಣಗೆರೆ), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಈ ಆನ್‌ಲೈನ್ ವೇದಿಕೆಯನ್ನು ಎರಡು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಹಳೇ ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೆಣ್ಣೆದೋಸೆ ಹೋಟೆಲ್ ಇದೆ. ಆರು ಟೇಬಲ್, ಸೌದೆ ಒಲೆ, ಒಂದು ಹಂಚು. ನನಗೆ 19ನೇ ವಯಸ್ಸಿಗೆ ತೊನ್ನು ಶುರುವಾಯಿತು. ಮೊದಲು ಬೆರಳ ತುದಿ, ಆಮೇಲೆ ಮಣಿಕಟ್ಟಿನವರೆಗೆ. ಈಗ ತುಟಿಯ ಅಂಚಿಗೂ ಬಂದಿದೆ. ನನಗೀಗ 31.

ಹನ್ನೆರಡು ವರ್ಷ ಹಿಂದಿನ ಕೋಣೆಯಲ್ಲೇ ಇದ್ದೆ. ಅಕ್ಕಿ ನೆನೆಹಾಕುವುದು, ರುಬ್ಬುವುದು, ಮಂಡಕ್ಕಿ ನೆನೆಸಿ ಹಿಟ್ಟಿಗೆ ಸೇರಿಸುವುದು, ಆಲೂಗಡ್ಡೆ ಬೇಯಿಸುವುದು. "ಹಿಂದೆ ಇರು" ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಿಟ್ಟು ಕಲಸುತ್ತಿದ್ದದ್ದು ಇದೇ ಕೈ. ಆಗ ಯಾರಿಗೂ ತೊಂದರೆ ಇರಲಿಲ್ಲ, ಕಾಣುತ್ತಿರಲಿಲ್ಲ ಅಲ್ವಾ.

ಈ ಯುಗಾದಿಗೆ ಅಪ್ಪನ ಮಂಡಿ ಕೈಕೊಟ್ಟಿತು. ಹಂಚಿನ ಮುಂದೆ ನಾನೇ ನಿಂತೆ. ಹಳೇ ಗಿರಾಕಿಗಳು ಏನೂ ಅನ್ನಲಿಲ್ಲ. ನಿನ್ನೆ ಬೆಳಿಗ್ಗೆ ಹೊಸಬರೊಂದು ಸಂಸಾರ ಬಂದು ಕೂತಿತು. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬರು ಅಜ್ಜಿ. ನಾಲ್ಕು ಬೆಣ್ಣೆ, ಒಂದು ಓಪನ್ ಅಂದರು. ಹಿಟ್ಟು ಹುಯ್ದು, ಬೆಣ್ಣೆ ಹಾಕಿ, ತಲೆ ಎತ್ತಿ ನೋಡುತ್ತೇನೆ, ಟೇಬಲ್ ಖಾಲಿ. ಮಕ್ಕಳು ಮಾತ್ರ ಬಾಗಿಲಲ್ಲಿ ತಿರುಗಿ ತಿರುಗಿ ನೋಡುತ್ತಿದ್ದವು, ಪಾಪ, ಹಸಿವಾಗಿತ್ತೇನೋ. ಐದೂ ದೋಸೆ ನಾವೇ ತಿಂದೆವು.

ಸಂಜೆ ಅಪ್ಪ ಒಂದು ಡಬ್ಬಿ ನೀಲಿ ಗ್ಲೌಸ್ ತಂದು ಗಲ್ಲಾ ಪಕ್ಕ ಇಟ್ಟರು. ಮಾತಾಡಲಿಲ್ಲ. ಹಾಕಿ ನೋಡಿದೆ. ಸೌದೆ ಬೆಂಕಿಗೆ ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಬೆರಳ ತುದಿ ಮೆತ್ತಗಾಗಿ ಅಂಟಿಕೊಂಡಿತು. ಒಳಗೆಲ್ಲ ಬೆವರು.

ಬಾಡಿಗೆ ಕಟ್ಟಬೇಕು, ಇಬ್ಬರು ಹುಡುಗರಿಗೆ ಸಂಬಳ ಕೊಡಬೇಕು. ಹಾಗಾಗಿ ಸುಮ್ನೆ ಧೈರ್ಯ ಹೇಳಬೇಡಿ. ಗ್ಲೌಸ್ ಹಾಕಲಾ, ಇಲ್ಲ ಇದು ಅಂಟುವುದಿಲ್ಲ ಅಂತ ಬೋರ್ಡ್ ಬರೆಸಿ ಹಾಕಲಾ, ಅದನ್ನು ಹೇಳಿ.

ಗಲ್ಲಾಪೆಟ್ಟಿಗೆ (ಮಂಡಿಪೇಟೆ)

ನಾನೂ ವ್ಯಾಪಾರದವನು, ನೇರ ಹೇಳುತ್ತೇನೆ, ಬೇಜಾರಾಗಬೇಡಿ. ಗಿರಾಕಿಗೆ ಬುದ್ಧಿ ಹೇಳುವುದು ನಮ್ಮ ಕೆಲಸ ಅಲ್ಲ. ಹಂಚಿಗೆ ಒಬ್ಬ ಹುಡುಗನನ್ನು ಇಡಿ, ನೀವು ಗಲ್ಲಾದಲ್ಲಿ ಕೂರಿ. ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಚಿಲ್ಲರೆ ಕೊಟ್ಟು ತಗೊಳ್ಳುವುದೇ ಕಮ್ಮಿ.

ಹಂಚಿನಮುಂದೆ

ಅಣ್ಣಾ, ಅಂದರೆ ಅದೇ ಹಿಂದಿನ ಕೋಣೆ, ಸ್ವಲ್ಪ ಮುಂದಕ್ಕೆ ತಂದಿದ್ದೀರಿ ಅಷ್ಟೇ. ಇನ್ನೊಂದು ಮಾತು, ನನಗೆ ದೋಸೆ ಹಾಕುವುದು ಇಷ್ಟ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಬಿಳಿಕೋಟು (ದಾವಣಗೆರೆ)

ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಮೊದಲು ಆ ಗ್ಲೌಸ್ ಡಬ್ಬಿ ಪಕ್ಕಕ್ಕಿಡಿ.

ಒಂದು ಹಳೇ ಸಂಗತಿ ಇದೆ. 1939ರ ಸುಮಾರಿಗೆ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರ ಕೈ ಬೆಳ್ಳಗಾಗತೊಡಗಿತು. ಹುಡುಕಿದಾಗ ಸಿಕ್ಕ ಕಾರಣ ಅವರು ಹಾಕುತ್ತಿದ್ದ ರಬ್ಬರ್ ಗ್ಲೌಸ್. ರಬ್ಬರಿಗೆ ಬೆರೆಸಿದ್ದ ಒಂದು ರಾಸಾಯನಿಕ ಚರ್ಮದ ಬಣ್ಣವನ್ನೇ ತೆಗೆಯುತ್ತಿತ್ತು. ಈಗಿನ ಗ್ಲೌಸ್ ಹಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ತೊನ್ನು ಇರುವವರು ಇಡೀ ದಿನ ಬೆವರು ಸುರಿಯುವ ಗ್ಲೌಸಿನಲ್ಲಿ ಕೈ ಉಜ್ಜಿಸಿಕೊಂಡರೆ ಒಳ್ಳೆಯದಲ್ಲ. ಉಜ್ಜಿದ ಜಾಗ, ಗಾಯವಾದ ಜಾಗ, ಸುಟ್ಟ ಜಾಗದಲ್ಲಿ ಹೊಸ ಮಚ್ಚೆ ಏಳುವುದುಂಟು. ಅದಕ್ಕೇ ಬಿಸಿ ಬೆಣ್ಣೆ ಹಾರುವ ಕಡೆ ಹುಷಾರು. ಉದ್ದ ಹಿಡಿಯ ಸಟ್ಟುಗ ಇಟ್ಟುಕೊಳ್ಳಿ. ಅದು ನಿಮ್ಮ ಕೈಗೋಸ್ಕರ, ಗಿರಾಕಿಯ ಕಣ್ಣಿಗೋಸ್ಕರ ಅಲ್ಲ.

ಇನ್ನು ಓದುತ್ತಿರುವ ಉಳಿದವರಿಗೆ. ತೊನ್ನಿನಲ್ಲಿ ರೋಗಾಣು ಅನ್ನುವುದೇ ಇಲ್ಲ. ನಮ್ಮ ದೇಹದ ಕಾವಲು ವ್ಯವಸ್ಥೆ ಎಡವಟ್ಟಾಗಿ, ಬಣ್ಣ ತಯಾರಿಸುವ ನಮ್ಮದೇ ಜೀವಕೋಶಗಳನ್ನು ಹೊಡೆಯುತ್ತದೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ತಿಂದರೆ, ಮದುವೆಯಾದರೆ ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅನ್ನುವುದು ಸುಳ್ಳು. "ಬಿಳಿ ಕುಷ್ಠ" ಅನ್ನುವ ಮಾತೇ ತಪ್ಪು, ಅದಕ್ಕೂ ಕುಷ್ಠಕ್ಕೂ ಸಂಬಂಧ ಇಲ್ಲ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಗೊತ್ತಾಗುವುದಿಲ್ಲ, ತೊನ್ನಿನ ಮಚ್ಚೆಯಲ್ಲಿ ಗೊತ್ತಾಗುತ್ತದೆ. ಕುಷ್ಠಕ್ಕೂ ಮಾತ್ರೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆರು ತಿಂಗಳು ಇಲ್ಲ ಒಂದು ವರ್ಷ ತಗೊಂಡರೆ ವಾಸಿ. ಅವರನ್ನೂ ದೂರ ಇಡಬೇಕಾಗಿಲ್ಲ. "ನಮ್ಮದು ಕುಷ್ಠ ಅಲ್ಲ" ಅಂತ ಹೇಳಿ ಬಚಾವಾಗುವಾಗ ಇನ್ನೊಬ್ಬರ ತಲೆ ಮೇಲೆ ಕಾಲಿಡುತ್ತೇವೆ. ನಾನೂ ಮೊದಲು ಹಾಗೇ ಹೇಳುತ್ತಿದ್ದೆ, ಒಬ್ಬ ಮುದುಕರು ತಿದ್ದಿದರು.

ಹೋಟೆಲಿನಲ್ಲಿ ಆಹಾರ ಮುಟ್ಟುವವರು ವರ್ಷಕ್ಕೊಮ್ಮೆ ವೈದ್ಯರ ಸರ್ಟಿಫಿಕೇಟ್ ತಗೊಳ್ಳಬೇಕು, ನಿಮಗೆ ಗೊತ್ತಿರುತ್ತದೆ. ಅದರಲ್ಲಿ ನೋಡುವುದು ಅಂಟುರೋಗ ಇದೆಯಾ ಅಂತ. ತೊನ್ನು ಅದಕ್ಕೆ ಅಡ್ಡಿ ಅಲ್ಲ.

ಎದ್ದುಹೋದವ

ಇದನ್ನು ಬರೆಯಲೋ ಬೇಡವೋ ಅಂತ ಒಂದು ಗಂಟೆ ಯೋಚಿಸಿದೆ. ಈ ಹೆಸರಿನ ಖಾತೆ ಈಗಷ್ಟೇ ಮಾಡಿದ್ದು.

ನಿಮ್ಮ ಹೋಟೆಲ್ ಅಲ್ಲ, ಬೇರೆ ಊರಲ್ಲಿ, ನಾಲ್ಕು ವರ್ಷದ ಹಿಂದೆ. ಟೀ ಕೊಡಲು ಬಂದವರ ಕೈ ಹೀಗೇ ಇತ್ತು. ಲೋಟ ಮುಟ್ಟದೆ ಎದ್ದು ಬಂದೆ. ದುಡ್ಡು ಇಟ್ಟು ಬಂದೆ, ಅದೊಂದು ದೊಡ್ಡತನ ಅಂತ ಬೇರೆ ಅಂದುಕೊಂಡೆ. ನಮ್ಮಜ್ಜಿ ಚಿಕ್ಕಂದಿನಲ್ಲಿ "ಅವರ ಮನೆ ನೀರು ಕುಡೀಬ್ಯಾಡ" ಅನ್ನುತ್ತಿದ್ದಳು. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಮೇಲಿನ ನರ್ಸ್ ಮೇಡಂ ಬರೆದದ್ದು ಇವತ್ತೇ ಗೊತ್ತಾಗಿದ್ದು. ಬೋರ್ಡ್ ಇದ್ದಿದ್ದರೆ ಬಹುಶಃ ಕೂರುತ್ತಿದ್ದೆ. ಹಾಕಿ ಅಂತ ನನ್ನ ಅಭಿಪ್ರಾಯ.

ಮೂರುಚಕ್ರ (ಚಳ್ಳಕೆರೆ)

ಎದ್ದುಹೋದವರೇ, ಒಪ್ಪಿಕೊಂಡಿರಲ್ಲ, ಅದೇ ಜಾಸ್ತಿ. ಆದರೆ ನಿಮಗೆ ಗೊತ್ತಿಲ್ಲದ್ದನ್ನು ಅವರು ಗೋಡೆಗೆ ಬರೆದು ಹಾಕಬೇಕಾ?

ನನಗೆ ಎರಡು ವರ್ಷದವನಿದ್ದಾಗ ಪೋಲಿಯೊ. ದೇಶದಲ್ಲಿ ಕೊನೇ ಕೇಸು ಸಿಕ್ಕಿದ್ದು 2011ರ ಜನವರಿಯಲ್ಲಿ, 2014ರಲ್ಲಿ ಪೋಲಿಯೊ ಹೋಯಿತು ಅಂತ ಸರ್ಟಿಫಿಕೇಟೂ ಬಂತು. ನಮ್ಮದು ಕೊನೇ ಬ್ಯಾಚು, ಇನ್ನು ಹೊಸಬರು ಸೇರುವುದಿಲ್ಲ. ನಾವೆಲ್ಲ ಹೋದ ಮೇಲೆ ಈ ನಡಿಗೆ ನೋಡಲೂ ಸಿಗುವುದಿಲ್ಲ.

ಊರಲ್ಲಿ ನನ್ನನ್ನು "ಕುಂಟ" ಅನ್ನುತ್ತಿದ್ದರು. ಹೆಸರಿನ ಹಿಂದೆ ಅಲ್ಲ, ಹೆಸರೇ ಅದು. ಪೋಸ್ಟ್‌ಮನ್ ಕೂಡ ಹಾಗೇ ಕೇಳಿಕೊಂಡು ಬರುತ್ತಿದ್ದ. ಪಂಚರ್ ಅಂಗಡಿ ಹಾಕಿದಾಗ ಬೋರ್ಡಿಗೆ ಏನು ಬರೆಸಲಿ ಅಂತ ಪೇಂಟರ್ ಕೇಳಿದ. "ಕುಂಟಣ್ಣನ ಪಂಚರ್ ಶಾಪ್" ಅಂದೆ. ಅವ್ವ ಎರಡು ದಿನ ಊಟ ಬಿಟ್ಟಳು. ಆದರೆ ಆಮೇಲೆ ಒಂದು ವಿಚಿತ್ರ ಆಯಿತು. ಬೈಯಲು ಬಂದವರ ಬಾಯಲ್ಲಿ ಆ ಪದ ಉಳಿಯಲಿಲ್ಲ. ಬೋರ್ಡಿನಲ್ಲೇ ಇರುವುದನ್ನು ಹೇಳಿ ಬೈದರೆ ಏನು ಬಂತು? ಜೊತೆಗೆ "ಅಣ್ಣ" ಅಂತ ಸೇರಿಸಿಯೇ ಕರೆಯಬೇಕು, ಇಲ್ಲದಿದ್ದರೆ ಅಂಗಡಿ ಹೆಸರು ತಪ್ಪಾಗುತ್ತದೆ.

ಆ ಪದ ನನ್ನದು ಅಂತ ನಾನು ತಗೊಂಡೆ. ಬೇರೆಯವರು ಇನ್ನೊಬ್ಬ ಹುಡುಗನಿಗೆ ಹಾಗೆ ಕರೆದರೆ ಈಗಲೂ ಸ್ಪ್ಯಾನರ್ ಎತ್ತುತ್ತೇನೆ. ಇದರಲ್ಲಿ ನ್ಯಾಯ ಇಲ್ಲ ಅನ್ನಿ, ಪರವಾಗಿಲ್ಲ.

ಸರ್ಕಾರ ನಮಗೆ ಅಂಗವಿಕಲ ಅಂದಿತು, ವಿಕಲಚೇತನ ಅಂದಿತು, ದಿವ್ಯಾಂಗ ಅಂದಿತು. ಹೆಸರು ಮೂರು ಬದಲಾಯಿತು, ಬಸ್ಸಿನ ಮೊದಲ ಮೆಟ್ಟಿಲು ಅಷ್ಟೇ ಎತ್ತರ ಇದೆ.

ಹಂಚಿನಮುಂದೆ

ಕುಂಟಣ್ಣಾ (ಕರೆಯಬಹುದು ಅಲ್ವಾ?), ಕಾಲೇಜಿನಲ್ಲಿ ನನ್ನ ಹೆಸರು "ಜಾಕ್ಸನ್". ಮೈಕಲ್ ಜಾಕ್ಸನ್‌ಗೂ ತೊನ್ನು ಇತ್ತಲ್ಲ. ಕರೆಯುವವರು ಪ್ರೀತಿಯಿಂದಲೇ ಕರೆಯುತ್ತಿದ್ದರು ಅಂತ ಅಂದುಕೊಂಡಿದ್ದೆ. ಈಗ ನೆನಪಾದರೆ ಗೊತ್ತಾಗುವುದಿಲ್ಲ. ನನಗೆ ಡ್ಯಾನ್ಸ್ ಬೇರೆ ಬರುವುದಿಲ್ಲ.

ಬಿಳಿಕೋಟು

ಅವರು ತೀರಿಕೊಂಡ ಜೂನ್ 25ರಂದೇ ಈಗ ವಿಶ್ವ ತೊನ್ನು ದಿನ ಮಾಡುತ್ತಾರೆ.

ಮೂರುಚಕ್ರ

ಕರೆಯಪ್ಪಾ, ಅಂಗಡಿ ಹೆಸರೇ ಅದು. ಒಂದು ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ. ಕುಳ್ಳ ದೇಹದವರು, ಆಸಿಡ್ ದಾಳಿಗೆ ಸಿಕ್ಕವರು, ಕುಷ್ಠ ವಾಸಿಯಾದವರು ಎಲ್ಲ ಸೇರಿದ್ದಾರೆ. ಜನರ ಮುಂದೆ ಬೇಕಂತಲೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಆದರೆ ಪಟ್ಟಿಯಲ್ಲಿ ತೊನ್ನು ಇಲ್ಲ. ಯಾಕೆಂದರೆ ನಿಮ್ಮ ಕೈ ಎಲ್ಲ ಕೆಲಸ ಮಾಡುತ್ತದೆ. ಕೆಲಸ ಮಾಡದಿರುವುದು ನೋಡುವವರ ತಲೆ, ಅದಕ್ಕೆ ಕಾರ್ಡ್ ಕೊಡುವುದಿಲ್ಲ.

ಕೋಟೆಬಾಗಿಲು (ಚಿತ್ರದುರ್ಗ)

ನಾನು ಪ್ರೈಮರಿ ಶಾಲೆ ಟೀಚರ್. ಕುತ್ತಿಗೆಯಿಂದ ಎಡಗಿವಿಯವರೆಗೆ ಸುಟ್ಟ ಗಾಯದ ಗುರುತು. ಒಂಬತ್ತು ವರ್ಷ ಆಯಿತು. ಸ್ಟವ್ ಸಿಡಿದಿದ್ದು.

ನೋಡಿ, ಈ ವಾಕ್ಯ ಬರೆದ ತಕ್ಷಣ ನಿಮ್ಮಲ್ಲಿ ಅರ್ಧ ಜನ "ನಿಜವಾಗ್ಲೂ ಸ್ಟವ್ವಾ?" ಅಂದುಕೊಂಡಿರಿ. ನಮ್ಮ ಕಡೆ ಹೆಂಗಸಿನ ಮೈಮೇಲೆ ಸುಟ್ಟ ಗುರುತು ಕಂಡರೆ ಜನ ನೋಡುವುದು ಗುರುತನ್ನಲ್ಲ, ಗಂಡನನ್ನು. ಅತ್ತೆಯನ್ನು. ಒಂದು ಕಥೆಯನ್ನು ಅವರೇ ಬರೆದುಕೊಂಡು ಬಂದಿರುತ್ತಾರೆ, ನಾವು ಸಹಿ ಹಾಕಿದರೆ ಸಾಕು. ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ನೆಲದ ಮೇಲೆ ಮಲಗಿದ್ದರು. ಅವರನ್ನು ಈಗಲೂ ಮದುವೆ ಮನೆಗಳಲ್ಲಿ ಒಂಥರಾ ನೋಡುತ್ತಾರೆ. ಗುರುತು ನನ್ನ ಕುತ್ತಿಗೆ ಮೇಲೆ, ಶಿಕ್ಷೆ ಅವರಿಗೆ.

ಮೊದಲ ಮೂರು ವರ್ಷ ಸೆರಗು, ದುಪಟ್ಟಾ, ಬಿಟ್ಟ ಕೂದಲು. ಬೇಸಿಗೆಯ ದುರ್ಗ ಹೇಗಿರುತ್ತದೆ ಗೊತ್ತಲ್ಲ, ಬಂಡೆಗಳೇ ಉಸಿರು ಬಿಡುತ್ತವೆ. ಆ ಬಿಸಿಲಲ್ಲಿ ಕುತ್ತಿಗೆಗೆ ಸುತ್ತಿಕೊಂಡು ಓಡಾಡಿದ್ದೇನೆ. ಗಾಳಿ ಬಂದರೆ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಪಾಠ ಮಾಡುವಾಗ ಬೋರ್ಡಿನ ಯಾವ ಕಡೆ ನಿಂತರೆ ಎಡಗಿವಿ ಗೋಡೆ ಕಡೆಗಿರುತ್ತದೆ ಅಂತ ಲೆಕ್ಕ. ಫೋಟೋದಲ್ಲಿ ಯಾವಾಗಲೂ ಎಡತುದಿ. ಗಾಯದ ನೋವು ಎಂಟು ತಿಂಗಳಿಗೆ ಹೋಯಿತು. ಈ ಲೆಕ್ಕ ಹೋಗಲಿಲ್ಲ.

ನಿಲ್ಲಿಸಿದ್ದು ಒಂದನೇ ಕ್ಲಾಸಿನ ಹುಡುಗ. "ಟೀಚರ್, ನಿಮ್ ಕುತ್ತಿಗೆ ನಮ್ಮಜ್ಜಿ ಕೌದಿ ಥರ ಇದೆ" ಅಂದ. ಬೈಗುಳ ಅಲ್ಲ, ಮರುಕ ಅಲ್ಲ. ಕೌದಿ ಥರ ಇದೆ, ಅಷ್ಟೇ. ನಗು ಬಂತು. ಅವತ್ತಿನಿಂದ ಕೂದಲು ಎತ್ತಿ ಕಟ್ಟುತ್ತಿದ್ದೇನೆ.

ಈಗ ಯಾರಾದರೂ ಕೇಳಿದರೆ ಒಂದೇ ಉಸಿರಿನಲ್ಲಿ ಎರಡು ವಾಕ್ಯ: "ಸ್ಟವ್ ಸಿಡೀತು. ನಿಮ್ಮ ಮಗಳು ಈಗ ಎಷ್ಟನೇ ಕ್ಲಾಸು?" ಮೊದಲನೆಯದು ಉತ್ತರ, ಎರಡನೆಯದು ಅವರಿಗೆ ಹೊರಡಲು ದಾರಿ. ಜನ ಕೆಟ್ಟವರಲ್ಲ, ನೋಡಿದ ಮೇಲೆ ಕಣ್ಣು ಎಲ್ಲಿಡಬೇಕು ಗೊತ್ತಾಗುವುದಿಲ್ಲ. ನಾವೇ ಒಂದು ಜಾಗ ತೋರಿಸಿದರೆ ಅಲ್ಲಿ ಇಡುತ್ತಾರೆ.

ಕರಿಹಲಗೆ (ಚಿತ್ರದುರ್ಗ)

ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತೇನೆ. ಎರ್ವಿಂಗ್ ಗಾಫ್‌ಮನ್ ಅನ್ನುವವರು 1963ರಲ್ಲಿ ಇದನ್ನೇ ಬರೆದರು. ಕಣ್ಣಿಗೆ ಕಾಣುವ ಗುರುತಿನವರು ಎದುರಿನವರ ಮುಜುಗರವನ್ನು ಸಂಭಾಳಿಸಬೇಕು. ಮುಚ್ಚಿಡಬಹುದಾದ ಗುರುತಿನವರು ಸುದ್ದಿಯನ್ನು ಸಂಭಾಳಿಸಬೇಕು, ಯಾರಿಗೆ ಹೇಳಬೇಕು, ಯಾವಾಗ, ಎಷ್ಟು ಅಂತ. ಟೀಚರಮ್ಮ ಮೊದಲು ಎರಡನೆಯದನ್ನು ಮಾಡುತ್ತಿದ್ದರು, ಈಗ ಮೊದಲನೆಯದು. ಎರಡೂ ದುಡಿಮೆಯೇ. ಹಳೇ ಗ್ರೀಕರು ಗುಲಾಮರ, ಅಪರಾಧಿಗಳ ಮೈಮೇಲೆ ಬರೆ ಎಳೆದು ಗುರುತು ಹಾಕುತ್ತಿದ್ದರು, ಕಳಂಕಕ್ಕೆ ಇಂಗ್ಲಿಷಿನವರು ಬಳಸುವ "ಸ್ಟಿಗ್ಮಾ" ಅನ್ನುವ ಪದ ಅಲ್ಲಿಂದ ಬಂದಿದ್ದು.

ಮೂರುಚಕ್ರ

ಮೇಷ್ಟ್ರೇ, ಚೆನ್ನಾಗಿದೆ. ಅಟೆಂಡೆನ್ಸ್ ಹಾಕಿಕೊಳ್ಳಿ.

ಹೊಳೆದಂಡೆ (ಹರಿಹರ)

ನನ್ನ ಮಗಳಿಗೆ 16. ಕಾಲಿನ ಗೆಣ್ಣಿನ ಹತ್ತಿರ ಒಂದು ಬಿಳಿ ಮಚ್ಚೆ, ಎಂಟಾಣೆ ಅಗಲ. ಮನೆಯಲ್ಲಿ ನನಗೆ, ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವರಪ್ಪನಿಗೂ. ಮನೆಯೊಳಗೂ ಸಾಕ್ಸ್ ಹಾಕು ಅಂತ ನಾನೇ ಹೇಳಿದ್ದೇನೆ. ಕಾಲೇಜಿನ ಡ್ಯಾನ್ಸಿಗೆ ಗೆಜ್ಜೆ ಕಟ್ಟಬೇಕಾಗುತ್ತದೆ ಅಂತ ಹೆಸರು ತೆಗೆಸಿದಳು. ಮುಂದೆ ಮದುವೆ ಇದೆ. ನಾನು ತಪ್ಪು ಮಾಡುತ್ತಿದ್ದೇನಾ ಗೊತ್ತಾಗುತ್ತಿಲ್ಲ.

ಬಿಳಿಕೋಟು

ಅಕ್ಕ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಅದು ತೊನ್ನೇ ಅಂತ ಇನ್ನೂ ಯಾರೂ ಹೇಳಿಲ್ಲವಲ್ಲ. ತೊನ್ನೇ ಆದರೂ ಶುರುವಿನಲ್ಲಿ ಬಂದವರಿಗೆ ಬಣ್ಣ ಮರಳುವ ಸಾಧ್ಯತೆ ಜಾಸ್ತಿ. ಹಚ್ಚುವ ಮುಲಾಮು ಇದೆ, ವಾರಕ್ಕೆ ಎರಡು ಮೂರು ಸಲ ಕೊಡುವ ಬೆಳಕಿನ ಚಿಕಿತ್ಸೆ ಇದೆ. 2022ರಲ್ಲಿ ಅಮೆರಿಕದಲ್ಲಿ ತೊನ್ನಿಗೆ ಅಂತಲೇ ಹೊಸ ಮುಲಾಮಿಗೆ ಒಪ್ಪಿಗೆ ಸಿಕ್ಕಿದೆ. ಮುಖ ಚಿಕಿತ್ಸೆಗೆ ಬೇಗ ಕೇಳುತ್ತದೆ, ಕೈ ಕಾಲಿನ ತುದಿ ನಿಧಾನ. ತಿಂಗಳುಗಟ್ಟಲೆ ಹಿಡಿಯುತ್ತದೆ, ಮಧ್ಯೆ ಬಿಟ್ಟು ನಾಟಿ ಲೇಪದ ಹಿಂದೆ ಹೋಗಿ ಸುಟ್ಟುಕೊಂಡು ಬರುವವರನ್ನು ವಾರವಾರ ನೋಡುತ್ತೇನೆ.

ಕೋಟೆಬಾಗಿಲು

ತಂಗಿ, ನೀನು ತಪ್ಪು ಅಂತ ನಾನು ಹೇಳುವುದಿಲ್ಲ. ಮುಚ್ಚಿಡುವುದೂ ಒಂದು ಹಕ್ಕು. ಆದರೆ ಅದು ಅವಳ ಹಕ್ಕು. ಈಗ ಸಾಕ್ಸ್ ಹಾಕುತ್ತಿರುವುದು ಅವಳಾ, ನೀನಾ?

ಹೂವಿನಹಾರ (ದಾವಣಗೆರೆ)

ಯಾರೂ ಕುಗ್ಗಬೇಡಿ! ಮಂಜಮ್ಮ ಜೋಗತಿಯವರನ್ನು ನೋಡಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಲು ಹೊರಟು ಮನೆಯಿಂದ ಹೊರಗೆ ಬಿದ್ದವರು, ಇದೇ ನಮ್ಮ ದಾವಣಗೆರೆ ಬಸ್ ನಿಲ್ದಾಣದ ಹತ್ತಿರ ಅಪ್ಪ ಮಗ ಇಬ್ಬರು ಜೋಗತಿ ಕುಣಿತ ಮಾಡುವುದನ್ನು ನೋಡಿ ಕಲಿತರು. ಮುಂದೆ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದರು! ಹಾಸನ ಜಿಲ್ಲೆಯ ಗಿರೀಶ್ 2012ರ ಪ್ಯಾರಾಲಿಂಪಿಕ್ಸ್‌ನಲ್ಲಿ ಹೈಜಂಪ್ ಬೆಳ್ಳಿ ಗೆದ್ದರು. ಮೈಯೆಲ್ಲ ಡೊಂಕಾಗಿದ್ದ ಅಷ್ಟಾವಕ್ರ, ತನ್ನನ್ನು ನೋಡಿ ನಕ್ಕ ಜನಕನ ಸಭೆಯನ್ನೇ ಗೆದ್ದ. ಮನಸ್ಸಿದ್ದರೆ ಮಾರ್ಗ!

ಕೋಟೆಬಾಗಿಲು

ಮಂಜಮ್ಮನ ಮೇಲೆ ನನಗೂ ತುಂಬಾ ಗೌರವ. ಜನ ಯಾವ ಸೆರಗನ್ನು ಆಡಿಕೊಂಡರೋ ಅದೇ ಸೆರಗಿನಲ್ಲಿ ದೃಷ್ಟಿ ತೆಗೆದರು, ಅದು ದೊಡ್ಡದು. ಆದರೆ ಇವರು ಕೇಳುತ್ತಿರುವುದು ದೋಸೆ ಹಾಕುವುದು ಹೇಗೆ ಅಂತ. ಪದ್ಮಶ್ರೀ ಬಂದ ಮೇಲೆ ಮರ್ಯಾದೆ ಕೊಡುವ ಊರು ಅದಕ್ಕಿಂತ ಮೊದಲು ಏನು ಮಾಡುತ್ತಿತ್ತು? ಅಷ್ಟಾವಕ್ರ ದಡ್ಡನಾಗಿದ್ದರೆ ಸಭೆ ನಗುತ್ತಲೇ ಇರಬಹುದಿತ್ತಾ? ನನಗೆ ಸಾಧಕಿ ಆಗುವುದು ಬೇಕಿಲ್ಲ, ಶನಿವಾರ ಸಂತೆಯಲ್ಲಿ ಟೊಮೆಟೊ ಆರಿಸುವಾಗ ನೆಮ್ಮದಿ ಬೇಕು.

ಹೂವಿನಹಾರ

ಒಳ್ಳೆಯದಕ್ಕೇ ಹೇಳಿದ್ದು ಮೇಡಂ. ಆದರೂ ಹೌದು, ಯೋಚನೆ ಮಾಡುವಂಥದ್ದೇ.

ಹಂಚಿನಮುಂದೆ, ಹನ್ನೊಂದು ದಿನದ ನಂತರ

ಬೋರ್ಡ್ ಹಾಕಿದೆ. ಎದ್ದುಹೋದವರ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಬಿಳಿ ಶೀಟಿನ ಮೇಲೆ ನೀಲಿ ಅಕ್ಷರ: "ಇಲ್ಲಿ ದೋಸೆ ಹಾಕುವವರಿಗೆ ತೊನ್ನು ಇದೆ. ಇದು ಅಂಟುವ ರೋಗವಲ್ಲ." ಪಕ್ಕದಲ್ಲಿ ಡಾಕ್ಟರ್ ಸರ್ಟಿಫಿಕೇಟ್, ಫ್ರೇಮ್ ಹಾಕಿಸಿ. ಒಂದು ಕಡೆ ದೇವರ ಫೋಟೋ, ಇನ್ನೊಂದು ಕಡೆ ನನ್ನ ಚರ್ಮ.

ಯಾರೂ ಎದ್ದು ಹೋಗಲಿಲ್ಲ, ಅದು ನಿಜ. ಆದರೆ ಇನ್ನೊಂದು ಶುರುವಾಯಿತು. ಆರು ವರ್ಷದಿಂದ ಬರುವ ಗಿರಾಕಿ, ನನ್ನ ಕೈಯಿಂದ ಎಷ್ಟು ದೋಸೆ ತಿಂದಿದ್ದಾರೋ, ಬೋರ್ಡ್ ಓದಿ ಮೊದಲ ಸಲ ನನ್ನ ಕೈ ನೋಡಿದರು. ಇಬ್ಬರು ಕಾಲೇಜು ಹುಡುಗರು ಫೋಟೋ ತೆಗೆದರು. ಒಬ್ಬ ಹೆಂಗಸು ಬಂದು ಕಣ್ಣೀರು ಹಾಕಿ, ನೂರು ರೂಪಾಯಿ ಜಾಸ್ತಿ ಇಟ್ಟು ಹೋದರು. ದೋಸೆ ಹೇಗಿತ್ತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಗಲ್ಲಾಪೆಟ್ಟಿಗೆ

ಆ ನೂರು ರೂಪಾಯಿ ವಾಪಸ್ ಕೊಡಬೇಕಿತ್ತು. ವ್ಯಾಪಾರದಲ್ಲಿ ಭಿಕ್ಷೆ ಸೇರಬಾರದು. ನನ್ನ ಮೊದಲಿನ ಸಲಹೆಯೂ ಅಷ್ಟು ಸರಿ ಇರಲಿಲ್ಲ ಅನಿಸುತ್ತಿದೆ.

ಮೂರುಚಕ್ರ

ತಮ್ಮಾ, ನನ್ನ ಬೋರ್ಡು ಪಂಚರ್ ಹಾಕುತ್ತೇನೆ ಅಂತ ಹೇಳುತ್ತದೆ. ನಿನ್ನ ಬೋರ್ಡು ನೀನು ಯಾರಿಗೂ ಏನೂ ಮಾಡುವುದಿಲ್ಲ ಅಂತ ಹೇಳುತ್ತಿದೆ. ವ್ಯತ್ಯಾಸ ಇದೆ ನೋಡು.

ಹಂಚಿನಮುಂದೆ, ಮತ್ತೆ ಒಂದು ವಾರ ಬಿಟ್ಟು

ಬೋರ್ಡ್ ಇಳಿಸಿದೆ. ಮೊಳೆ ಹಾಗೇ ಇದೆ, ಕ್ಯಾಲೆಂಡರ್ ನೇತುಹಾಕಿದೆವು. ಸರ್ಟಿಫಿಕೇಟ್ ಗಲ್ಲಾದೊಳಗೆ ಇದೆ, ಕೇಳಿದವರಿಗೆ ತೋರಿಸಬಹುದು.

ನಿನ್ನೆ ಒಬ್ಬರು ಹಂಚಿನ ಹತ್ತಿರವೇ ಬಂದು ನಿಂತು, "ಏನ್ರೀ ಅದು ಕೈಗೆ?" ಅಂದರು. ಟೀಚರಮ್ಮ ಹೇಳಿದ ಎರಡು ವಾಕ್ಯ ನಾನು ಮನಸ್ಸಲ್ಲಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಗಲ್ಲಾದಲ್ಲಿ ಕೂತಿದ್ದ ಅಪ್ಪ, ಫೋನಿನಿಂದ ತಲೆ ಎತ್ತದೇ, "ತೊನ್ನು. ನಿಮಗೆ ಬೆಣ್ಣೆನಾ, ಓಪನ್ನಾ?" ಅಂದರು. ಅಪ್ಪ ಈ ವೇದಿಕೆ ಓದುವುದಿಲ್ಲ. ಮನೆಯಲ್ಲಿ ಆ ಪದ ಅವರ ಬಾಯಲ್ಲಿ ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ, "ಅದು" ಅನ್ನುತ್ತಿದ್ದರು.

ಆ ಮನುಷ್ಯ ಒಂದು ಕ್ಷಣ ನಿಂತರು. ಆಮೇಲೆ "ಓಪನ್" ಅಂದರು. ತಿಂದರು. ಚಟ್ನಿಗೆ ಉಪ್ಪು ಕಮ್ಮಿ ಅಂತ ಹೇಳಿ ಹೋದರು. ನಿಜವಾಗಿಯೂ ಕಮ್ಮಿ ಇತ್ತು.

ಡಬ್ಬಿಯಲ್ಲಿದ್ದ ಗ್ಲೌಸನ್ನು ಹುಡುಗರು ಮೆಣಸಿನಕಾಯಿ ಹೆಚ್ಚಲು ಬಳಸುತ್ತಿದ್ದಾರೆ.

ಹೊಳೆದಂಡೆ

ಡಾಕ್ಟರಿಗೆ ತೋರಿಸಿದೆವು. ತೊನ್ನೇ ಅಂದರು. ಮುಲಾಮು ಕೊಟ್ಟಿದ್ದಾರೆ. ಅವರಪ್ಪನಿಗೆ ಹೇಳಿದ್ದು ಮಗಳೇ, ನಾನಲ್ಲ. ಸಾಕ್ಸ್ ಹೊರಗೆ ಹೋಗುವಾಗ ಹಾಕುತ್ತಾಳೆ, ಮನೆಯಲ್ಲಿ ಹಾಕುವುದಿಲ್ಲ. ಮದುವೆ ವಿಷಯ ನನಗಿನ್ನೂ ಭಯ ಇದೆ.

ಎದ್ದುಹೋದವ

ಮುಂದಿನ ವಾರ ದಾವಣಗೆರೆಗೆ ಕೆಲಸದ ಮೇಲೆ ಬರುತ್ತಿದ್ದೇನೆ. ನಿಮ್ಮಲ್ಲಿಗೆ ಬರಬಹುದಾ? ಆವತ್ತಿನದಕ್ಕೆ ಯಾರಿಗಾದರೂ ಕ್ಷಮೆ ಕೇಳಬೇಕು ಅನಿಸುತ್ತಿದೆ.

ಹಂಚಿನಮುಂದೆ

ಬನ್ನಿ. ಕ್ಷಮೆ ಮಾತ್ರ ನನಗೆ ಕೇಳಬೇಡಿ, ನೀವು ಲೋಟ ಬಿಟ್ಟು ಬಂದಿದ್ದು ಬೇರೆಯವರ ಮುಂದೆ. ನೀವು ಯಾರು ಅಂತಲೂ ಹೇಳಬೇಡಿ. ಎಲ್ಲರ ಹಾಗೆ ಕೂತು ತಿಂದು ಹೋಗಿ. ಹತ್ತೂವರೆ ಒಳಗೆ ಬನ್ನಿ, ಆಮೇಲೆ ಹಿಟ್ಟು ಇರುವುದಿಲ್ಲ. ಸೋಮವಾರ ರಜ.